ಹಿಮ್ಮೇಳ ಕಾಣಿಸದ ಆಟ

ಡೋಟಾ 2 ಆಟದಲ್ಲಿ 'ಟ್ರೂ ಸೈಟ್' ಅಂತ ಒಂದು ಶಕ್ತಿ ಇದೆ. ಅದೃಶ್ಯವಾಗಿ ಓಡಾಡುವ ಎದುರಾಳಿಯನ್ನೂ, ಅವನು ಕದ್ದು ನೆಟ್ಟು ಹೋದ ಕಾವಲು ಕಣ್ಣುಗಳನ್ನೂ ಕಾಣುವ ಹಾಗೆ ಮಾಡುವ ದೃಷ್ಟಿ ಅದು. ಹೆಚ್ಚಿನ ಸಲ ಅದು ಸಿಗೋದು ಸೆಂಟ್ರಿ ವಾರ್ಡ್ ಅನ್ನೋ ಅಗ್ಗದ ಸಾಮಾನಿನಿಂದ. ಅದನ್ನು ತನ್ನ ಜೇಬಿನ ನಾಲ್ಕು ಕಾಸಲ್ಲಿ ಕೊಂಡು, ಕತ್ತಲಲ್ಲಿ ಒಬ್ಬನೇ ನಡೆದು ಹೋಗಿ, ಸರಿಯಾದ ಜಾಗ ನೋಡಿ ನೆಟ್ಟು, ಎಷ್ಟೋ ಸಲ ವಾಪಸ್ ಬರುವ ದಾರಿಯಲ್ಲಿ ಸಾಯುವವನು ತಂಡದ ಐದನೇ ನಂಬರಿನ ಆಟಗಾರ. ಆಟ ತಯಾರಿಸಿದ ವಾಲ್ವ್ ಕಂಪನಿ ತನ್ನ ಸಾಕ್ಷ್ಯಚಿತ್ರಗಳ ಸರಣಿಗೂ ಇದೇ ಹೆಸರು ಇಟ್ಟಿದೆ. 2018ರ ವಿಶ್ವ ಫೈನಲ್ ಬಗ್ಗೆ ಬಂದ 'ಟ್ರೂ ಸೈಟ್' ಚಿತ್ರವನ್ನು ಮೊನ್ನೆ ಮೂರನೇ ಸಲ ನೋಡಿದೆ. ಒಳ್ಳೆಯ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿಗೆ ತಕ್ಕ ಹಾಗಿಲ್ಲ. ಸೆಂಟ್ರಿ ನೆಡುವವನೇ ಅದರಲ್ಲಿ ಸರಿಯಾಗಿ ಕಾಣಿಸೋದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐವರು ಈ ಕಡೆ, ಐವರು ಆ ಕಡೆ. ನಡುವೆ ಚೌಕಾಕಾರದ ಒಂದು ಕಾಡು, ಅದರೊಳಗೆ ಮೂರು ದಾರಿ, ದಾರಿ ಉದ್ದಕ್ಕೂ ಗೋಪುರಗಳು, ಎರಡೂ ಮೂಲೆಯಲ್ಲಿ ಒಂದೊಂದು ಕೋಟೆ. ಎದುರಿನವರ ಕೋಟೆಯೊಳಗಿನ 'ಏನ್ಷಂಟ್' ಒಡೆದರೆ ಗೆಲುವು. ನೂರಿಪ್ಪತ್ತಕ್ಕೂ ಹೆಚ್ಚು ವೀರರಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರ ಆರಿಸಿಕೊಳ್ಳಬೇಕು. ದಾರಿಯಲ್ಲಿ ನಡೆದು ಬರುವ ಕಾಲಾಳುಗಳಿಗೆ ಕೊನೆಯ ಏಟು ಹೊಡೆದವನಿಗೆ ಚಿನ್ನ. ಆ ಚಿನ್ನ ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೆ ತಂಡದೊಳಗೇ ಒಂದರಿಂದ ಐದರವರೆಗೆ ಪಂಕ್ತಿ. ಒಂದನೇ ನಂಬರಿನವನು ಮೊದಲು ಉಣ್ಣುತ್ತಾನೆ, ಐದನೇ ನಂಬರಿನವನು ಬಡಿಸಿ ಮುಗಿಸಿ ಕೊನೆಗೆ ತಳದಲ್ಲಿ ಉಳಿದದ್ದು ಕೆರೆದುಕೊಳ್ಳುತ್ತಾನೆ. ಉಳಿದಂತೆ ಸುತ್ತಲೂ ಮಂಜು, ನಮ್ಮವರು ನಿಂತ ಕಡೆ ಮಾತ್ರ ಬೆಳಕು. ವಾರ್ಸಾಫ್ಟ್ ಅಲ್ಲ, ವಾರ್‌ಕ್ರಾಫ್ಟ್ 3 ಅನ್ನೋ ಹಳೇ ಆಟಕ್ಕೆ ಅಭಿಮಾನಿಗಳು ಕಟ್ಟಿದ ಒಂದು ನಕ್ಷೆಯಿಂದ ಹುಟ್ಟಿದ್ದು ಇದು. ನಮ್ಮ ಕಾಲದ ಬಿಇ ಹುಡುಗರಲ್ಲಿ ಹಾಸ್ಟೆಲ್ ಲ್ಯಾನಿನಲ್ಲಿ ಇದನ್ನು ಆಡದವರು ಕಡಿಮೆ. ಹೊಸ ರೂಪ ಡೋಟಾ 2 ಅಧಿಕೃತವಾಗಿ ಬಂದದ್ದು 2013ರಲ್ಲಿ.

ಇನ್ನು ಚಿತ್ರದ ಕತೆ. ಇದರ ವಿಶ್ವಕಪ್ಪಿಗೆ 'ದಿ ಇಂಟರ್‌ನ್ಯಾಷನಲ್' ಅಂತ ಹೆಸರು. 2018ರ ಆಗಸ್ಟಿನಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆಯಿತು. ಅದಕ್ಕೆ ಮೂರು ತಿಂಗಳ ಹಿಂದೆ ಒಜಿ ತಂಡದಿಂದ ಫ್ಲೈ, ಎಸ್‌ಫೋರ್ ಇಬ್ಬರೂ ಎದ್ದು ಇವಿಲ್ ಜೀನಿಯಸಸ್ ತಂಡಕ್ಕೆ ಹೋಗಿದ್ದರು. ಫ್ಲೈ ಮತ್ತು ನಾಯಕ ನೋಟೇಲ್ ಹಳೇ ಗೆಳೆಯರು. ಉಳಿದವರು ಏನು ಮಾಡಿದರು? ಕೋಚ್ ಆಗಿದ್ದ ಸೆಬ್‌ನನ್ನು ಆಟಕ್ಕೆ ಇಳಿಸಿದರು, ವಿರಾಮದಲ್ಲಿದ್ದ ಅನಾನನ್ನು ಆಸ್ಟ್ರೇಲಿಯಾದಿಂದ ಕರೆಸಿದರು, ದೊಡ್ಡ ವೇದಿಕೆಯ ಅನುಭವವೇ ಇಲ್ಲದ ಟಾಪ್ಸನ್ ಎಂಬ ಫಿನ್ಲೆಂಡಿನ ಹುಡುಗನನ್ನು ಸೇರಿಸಿಕೊಂಡರು. ಯಾರು ಬೇಕಾದರೂ ಹೆಸರು ಕೊಡಬಹುದಾದ ಅರ್ಹತಾ ಸುತ್ತಿನಿಂದ ಶುರು ಮಾಡಿ, ದಾರಿಯಲ್ಲಿ ಅದೇ ಇವಿಲ್ ಜೀನಿಯಸಸ್ ತಂಡವನ್ನು 2-1ರಿಂದ ದಾಟಿ, ಫೈನಲ್ಲಿನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ತಂಡವನ್ನು 3-2ರಿಂದ ಸೋಲಿಸಿದರು. ಒಟ್ಟು ಬಹುಮಾನ ಸುಮಾರು 2.55 ಕೋಟಿ ಡಾಲರ್, ಗೆದ್ದವರಿಗೆ ಅದರಲ್ಲಿ 1.12 ಕೋಟಿ. ಇಷ್ಟು ಚೆಂದದ ಕತೆ ಸಿಕ್ಕಮೇಲೆ ಯಾವ ನಿರ್ದೇಶಕ ತಾನೇ ಬಿಡ್ತಾನೆ ಹೇಳಿ.

ಚಿತ್ರದ ದೊಡ್ಡ ಗುಣ ಅಂದರೆ ಕ್ಯಾಮೆರಾ ಇಟ್ಟ ಜಾಗ. ಆಟಗಾರರು ಕೂರುವ ಗಾಜಿನ ಕೋಣೆಯ ಒಳಗೇ ಕ್ಯಾಮೆರಾ ಇದೆ, ಅವರ ಮಾತು ಕೇಳುವ ಮೈಕು ಇದೆ, ಎರಡೂ ತಂಡಗಳಿಗೆ ಸಮಸಮ. ಚೀನೀ ಮಾತಿಗೆ ಅಡಿಬರಹ ಇದೆ. ಕ್ರಿಕೆಟ್ಟಿನಲ್ಲಿ ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿದ ಮೇಲೆ ನಮಗೆ ಸಿಗೋದು ಬಾಲ್ಕನಿಯ ಮುಖಗಳು ಮಾತ್ರ. ಇಲ್ಲಿ ಸೋಲುತ್ತಿರುವ ಹುಡುಗರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ, ಯಾವಾಗ ಮಾತು ಕಡಿಮೆಯಾಗುತ್ತದೆ, ಎಲ್ಲ ಕೇಳಿಸುತ್ತದೆ. ತಂಡವೊಂದು ಹೇಗೆ ಕುಸಿಯುತ್ತದೆ, ಹೇಗೆ ಮತ್ತೆ ಎದ್ದು ಕೂರುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೇ ದಾಖಲೆ ನಾನು ನೋಡಿಲ್ಲ. ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಅಂತ ನಮ್ಮನ್ನು ಎರಡು ದಿನ ರೆಸಾರ್ಟಿಗೆ ಕರ್ಕೊಂಡು ಹೋಗಿ ಹಗ್ಗ ಎಳೆಸುವವರು ಬದಲಿಗೆ ಇದನ್ನು ತೋರಿಸಬಹುದು. ಊಟದ ಖರ್ಚೂ ಉಳಿಯುತ್ತೆ.

ಆದರೆ ಇದು ಮುಖಗಳ ಚಿತ್ರ. ಆಟದ ತುಣುಕುಗಳು ಬರುತ್ತವೆ, ಬಂದಾಗಲೆಲ್ಲ ಬಡಿದಾಟವೇ. ನಾಲ್ಕನೇ ಪಂದ್ಯದ ಆ ಪ್ರಸಿದ್ಧ ಕ್ಷಣವನ್ನೇ ತಗೊಳ್ಳಿ. ಒಜಿ 1-2ರಿಂದ ಹಿಂದೆ, ಈ ಪಂದ್ಯ ಹೋದರೆ ಎಲ್ಲ ಹೋಯಿತು. ಸೆಬ್ ಆಡುತ್ತಿದ್ದದ್ದು ಆಕ್ಸ್ ಎಂಬ ಪಾತ್ರ. ಕೆಂಪು ಮೈ, ಕೊಡಲಿ, ನಮ್ಮ ಬಣ್ಣದ ವೇಷದವರ ಥರಾನೇ ಒಂದು ಅಬ್ಬರ. ಅವನು ಶತ್ರುಗಳ ನಡುವೆ ಹಾರಿ ಒಂದು ಕೂಗು ಹಾಕಿದರೆ ಸುತ್ತ ಇದ್ದವರೆಲ್ಲ ಮಾಡೋ ಕೆಲಸ ಬಿಟ್ಟು ಎರಡು ಮೂರು ಸೆಕೆಂಡು ಅವನನ್ನೇ ಹೊಡೆಯುತ್ತಾ ನಿಲ್ಲಬೇಕು. ಆ ಕೂಗು ಬಿತ್ತು. ವೀಕ್ಷಕ ವಿವರಣೆಯವನು 'ಸೇ...ಬ್' ಅಂತ ಉಸಿರು ಇರೋವರೆಗೆ ಎಳೆದ. ಆ ಎಳೆತ ಆಮೇಲೆ ಆಟದೊಳಗೇ ದುಡ್ಡು ಖರ್ಚು ಮಾಡಿ ಹಾಕಬಹುದಾದ ಸದ್ದಾಗಿ ಬಂತು. ಇವತ್ತಿಗೂ ಸಿಂಗಾಪುರದ ಸರ್ವರಿನಲ್ಲಿ ಯಾರೋ ಯಾರನ್ನೋ ಕೊಂದಾಗ ನನ್ನ ಹೆಡ್‌ಫೋನಿನಲ್ಲಿ ಅದು ಕೇಳಿಸುತ್ತದೆ.

ಈಗ ಆ ಕೂಗಿನ ಹಿಂದೆ ಏನೇನು ಕೂಡಿಬರಬೇಕು ನೋಡಿ. ಹಾರಲು ಬೇಕಾದದ್ದು ಬ್ಲಿಂಕ್ ಡ್ಯಾಗರ್. ಎದುರಾಳಿಯಿಂದ ಏಟು ಬಿದ್ದು ಮೂರು ಸೆಕೆಂಡು ಆಗೋವರೆಗೆ ಅದು ಕೆಲಸ ಮಾಡೋದಿಲ್ಲ. ಅಂದರೆ ಆಕ್ಸ್ ಹಾರಬೇಕಾದರೆ ಅಷ್ಟು ಹೊತ್ತು ಬೇರೆ ಯಾರೋ ಏಟು ತಿನ್ನುತ್ತಿರಬೇಕು. ಎಲ್ಲಿಗೆ ಹಾರಬೇಕು ಅಂತ ಕಾಣಬೇಕು, ಕಾಣಲು ಅಲ್ಲೊಂದು ವಾರ್ಡ್ ಇರಬೇಕು, ಅಥವಾ ಯಾರೋ ಒಬ್ಬ ಮುಂದೆ ಹೋಗಿ ಮೈ ತೋರಿಸಿರಬೇಕು. ಹಾರಿದವನ ಮೇಲೆ ಎದುರಿನವರು ಬೀಳುವ ಹೊತ್ತಿಗೆ ಉಳಿದವರು ಏಟಿನ ದೂರದಲ್ಲಿ ಇರಬೇಕು. ಇಷ್ಟೂ ಮುಂಚಿನ ಅರ್ಧ ನಿಮಿಷದಲ್ಲಿ ಆಗುವ ಕೆಲಸ. ಯಾವ ಹೈಲೈಟ್ ವಿಡಿಯೋದಲ್ಲೂ ಈ ಅರ್ಧ ನಿಮಿಷ ಇರೋದಿಲ್ಲ. ಹೈಲೈಟ್ ಶುರುವಾಗೋದೇ ಆಕ್ಸ್ ಗಾಳಿಯಲ್ಲಿ ಇರುವಾಗ. ಸಾಕ್ಷ್ಯಚಿತ್ರವೂ, ಇಷ್ಟು ದುಡ್ಡು ಇಷ್ಟು ಸಮಯ ಇದ್ದೂ, ಅದನ್ನೇ ಮಾಡುತ್ತದೆ. ಕಿರುಚುವ ಮುಖ, ಕುಣಿಯುವ ಮುಖ, ತಲೆ ತಗ್ಗಿಸಿದ ಮುಖ.

ನಮ್ಮೂರ ಕಡೆ, ಸಾಗರದ ಸುತ್ತಮುತ್ತ, 'ಆಟ' ಅಂದರೆ ಇವತ್ತಿಗೂ ಯಕ್ಷಗಾನ. ಆಟಕ್ಕೆ ಹೋಗಿದ್ದೆ ಅಂದ್ರೆ ಬಯಲಾಟಕ್ಕೆ ಹೋಗಿದ್ದೆ ಅಂತ. ಮೇಳದಲ್ಲಿ ಎರಡು ಭಾಗ: ವೇಷ ಕಟ್ಟಿ ಕುಣಿಯುವ ಮುಮ್ಮೇಳ, ಹಿಂದೆ ಕೂತ ಭಾಗವತರು, ಮದ್ದಳೆ, ಚಂಡೆಯ ಹಿಮ್ಮೇಳ. ಹೊಸದಾಗಿ ನೋಡುವವನಿಗೆ ಕಾಣಿಸೋದು ಕಿರೀಟ, ಕಣ್ಣು, ಗಿರಕಿ. ನಾಲ್ಕು ವರ್ಷ ನೋಡಿದವನು ಭಾಗವತರ ಕಡೆ ಕಣ್ಣು ಹೊರಳಿಸುತ್ತಾನೆ. ಪ್ರಸಂಗ ಎಷ್ಟು ಎಳೆಯಬೇಕು, ಯಾವ ಪದ್ಯ ಬಿಡಬೇಕು, ಕುಣಿಯುವವನಿಗೆ ಉಸಿರು ಸಾಲದಿದ್ದರೆ ತಾಳ ಎಲ್ಲಿ ಇಳಿಸಬೇಕು, ಎಲ್ಲ ಅಲ್ಲಿಂದ ನಡೆಯುತ್ತದೆ ಅಂತ ಅವನಿಗೆ ಗೊತ್ತು. ಡೋಟಾ ನೋಡುವುದರಲ್ಲೂ ಈ ಹೊರಳು ಇದೆ. ಅದು ಆಗೋವರೆಗೆ ಎಷ್ಟು ಸಾವಿರ ಗಂಟೆ ಪ್ರೊ ಪಂದ್ಯ ನೋಡಿದರೂ ನಮ್ಮ ಆಟ ಇದ್ದಲ್ಲೇ ಇರುತ್ತದೆ ಅನ್ನೋದು ನನ್ನ ವಾದ.

ಪುರಾವೆ ಬೇಕಾದರೆ ಗೆದ್ದ ತಂಡಗಳ ನಾಯಕರನ್ನು ನೋಡಿ. 2015ರಲ್ಲಿ ಇವಿಲ್ ಜೀನಿಯಸಸ್ ತಂಡದ ಪಿಪಿಡಿ, 2017ರಲ್ಲಿ ಲಿಕ್ವಿಡ್ ತಂಡದ ಕುರೋಕಿ, 2018 ಮತ್ತು 2019ರಲ್ಲಿ ಒಜಿಯ ನೋಟೇಲ್, 2021 ಮತ್ತು 2023ರಲ್ಲಿ ಟೀಮ್ ಸ್ಪಿರಿಟ್‌ನ ಮಿಪೋಷ್ಕಾ. ಎಲ್ಲರೂ ಐದನೇ ನಂಬರಿನವರು. ಇದು ಕಾಕತಾಳೀಯ ಅಲ್ಲ. ಒಂದನೇ ನಂಬರಿನವನ ಕಣ್ಣು ಕಾಲಾಳುಗಳ ಮೇಲೆ, ಕೊನೆ ಏಟಿನ ಮೇಲೆ ನೆಟ್ಟಿರುತ್ತದೆ, ಕೈಗೆ ಬಿಡುವಿಲ್ಲ. ಐದನೆಯವನ ಕೈಗೆ ಕೆಲಸ ಕಡಿಮೆ, ಜೇಬಲ್ಲಿ ದುಡ್ಡು ಕಡಿಮೆ, ಅದಕ್ಕೇ ಅವನಿಗೆ ನಕ್ಷೆ ಪೂರ್ತಿ ನೋಡಲು ಪುರುಸೊತ್ತು. ಇನ್ನೊಂದು ತಮಾಷೆ ಹೇಳ್ತೀನಿ. ಇ-ಸ್ಪೋರ್ಟ್ಸಿನಲ್ಲಿ ಬಹುಮಾನದ ದುಡ್ಡು ಅತಿ ಹೆಚ್ಚು ಗಳಿಸಿದವರ ಪಟ್ಟಿಗಳಲ್ಲಿ ಬಹುಕಾಲದಿಂದ ಮೊದಲ ಹೆಸರು ನೋಟೇಲನದು, ಸುಮಾರು 70 ಲಕ್ಷ ಡಾಲರ್. ಆಟದೊಳಗೆ ಚಪ್ಪಲಿ ಕೊಳ್ಳಲೂ ಕಾಸಿಲ್ಲದೆ ಓಡಾಡುತ್ತಿದ್ದ ಮನುಷ್ಯ ಅವನು.

ಹಾಗಾದರೆ ಏನು ನೋಡಬೇಕು? ಇಲ್ಲೇ ನನಗೆ ಆ ಸಾಕ್ಷ್ಯಚಿತ್ರದ ಮೇಲೆ, ಅದಕ್ಕಿಂತ ಹೆಚ್ಚಾಗಿ ನಮ್ಮ ನೋಡುವ ಅಭ್ಯಾಸದ ಮೇಲೆ ಸಿಟ್ಟು ಬರೋದು. ಡೋಟಾದಲ್ಲಿ ಪ್ರೊ ಪಂದ್ಯಗಳ ರಿಪ್ಲೇ ಆಟದೊಳಗೇ ಪುಕ್ಕಟೆ ಸಿಗುತ್ತದೆ. ವಿಡಿಯೋ ಅಲ್ಲ ಅದು, ಇಡೀ ಪಂದ್ಯ ನಮ್ಮ ಕಂಪ್ಯೂಟರಿನಲ್ಲಿ ಮತ್ತೆ ನಡೆಯುತ್ತದೆ. ಹತ್ತು ಆಟಗಾರರಲ್ಲಿ ಯಾರನ್ನು ಬೇಕಾದರೂ ಆರಿಸಿ ಅವನ ಕಣ್ಣಿನಿಂದಲೇ ನೋಡಬಹುದು. ಅವನ ಪರದೆ ಎಲ್ಲಿಗೆ ಸರಿಯಿತು, ಮೌಸ್ ಎಲ್ಲಿ ಒತ್ತಿತು, ಅವನಿಗೆ ಕಾಣದ ಮಂಜು ನಮಗೂ ಮಂಜೇ. ಸಚಿನ್ ಕಣ್ಣೊಳಗೆ ಕೂತು ಶಾರ್ಜಾದ ಇನಿಂಗ್ಸ್ ನೋಡೋ ಭಾಗ್ಯ ಯಾವ ಕ್ರಿಕೆಟ್ ಪ್ರೇಮಿಗೆ ಸಿಕ್ಕಿದೆ? ಇಲ್ಲಿ ಅದು ದಿನಾ ಸಿಗುತ್ತದೆ, ಮತ್ತು ನಾವು ಊಟ ಮಾಡ್ತಾ ಹತ್ತು ನಿಮಿಷದ ಹೈಲೈಟ್ ನೋಡಿ ಎದ್ದು ಹೋಗ್ತೀವಿ.

ನಾನು ಆಡೋದು ಐದನೇ ನಂಬರು. ರಿಪ್ಲೇ ಇಳಿಸಿಕೊಂಡು ಐದನೇ ನಂಬರಿನವನ ಕಣ್ಣಲ್ಲಿ ಮೊದಲ ಹನ್ನೆರಡು ನಿಮಿಷ ಮಾತ್ರ ನೋಡ್ತೀನಿ, ಅದೂ ನಿಲ್ಲಿಸಿ ನಿಲ್ಲಿಸಿ. ಅಲ್ಲಿ ಕಾಣಿಸುವ ಕೆಲಸಗಳು ಇಂಥವು. ಕಾಡಿನಲ್ಲಿರುವ ಪ್ರಾಣಿಗಳ ಗುಂಪು ಪ್ರತಿ ನಿಮಿಷ ತಿರುಗಿದಾಗ ಹೊಸದಾಗಿ ಹುಟ್ಟುತ್ತದೆ, ಆದರೆ ಜಾಗ ಖಾಲಿ ಇದ್ದರೆ ಮಾತ್ರ. ನಿಮಿಷ ಮುಗಿಯಲು ಐದಾರು ಸೆಕೆಂಡು ಇರುವಾಗ ಇದ್ದ ಗುಂಪನ್ನು ಕೆಣಕಿ ಆಚೆ ಓಡಿಸಿದರೆ ಜಾಗ ಖಾಲಿ ಅಂತ ಲೆಕ್ಕವಾಗಿ ಇನ್ನೊಂದು ಗುಂಪು ಹುಟ್ಟುತ್ತದೆ, ಹಳೆಯದೂ ವಾಪಸ್ ಬರುತ್ತದೆ. ಹೀಗೆ ಎರಡು ಮೂರು ಪಟ್ಟು ಕೂಡಿಟ್ಟ ಬೆಳೆಯನ್ನು ಆಮೇಲೆ ಬಂದು ಕೊಯ್ಯುವವನು ಒಂದನೇ ನಂಬರಿನವನು. ಕೂಡಿಟ್ಟವನಿಗೆ ಅದರಲ್ಲಿ ಸಣ್ಣ ಪಾಲು. ಪ್ರೊ ಆಟಗಾರ ಇನ್ನೇನೋ ಮಾಡುತ್ತಿರುವಾಗಲೂ ಗಡಿಯಾರ ಐವತ್ತರ ಹತ್ತಿರ ಬಂದರೆ ಅವನ ಪರದೆ ಒಂದು ಕ್ಷಣ ಕಾಡಿನ ಕಡೆ ಸರಿದು ಬರುತ್ತದೆ. ಅಡಿಕೆ ಒಲೆ ಮೇಲಿಟ್ಟು ಹೊರಗೆ ಮಾತಾಡ್ತಾ ನಿಂತ ಅಮ್ಮ ನಡುನಡುವೆ ಒಳಗೆ ಇಣುಕಿದ ಹಾಗೆ. ಅಬ್ಸರ್ವರ್ ವಾರ್ಡ್ ಬಾಳುವುದು ಆರು ನಿಮಿಷ. ಅದು ಸಾಯುವ ಮುಂಚೆಯೇ ಮುಂದಿನದು ಎಲ್ಲಿ ಅಂತ ತೀರ್ಮಾನ ಆಗಿರುತ್ತದೆ, ಮತ್ತು ಆ ಜಾಗ ಈಗ ಜಗಳ ನಡೆಯುತ್ತಿರುವ ಜಾಗ ಅಲ್ಲ, ಇನ್ನು ಮೂರು ನಿಮಿಷಕ್ಕೆ ನಡೆಯಲಿರುವ ಜಾಗ. ಇದನ್ನು ಗಮನಿಸಿ ನೋಡಿದ ಮೇಲೆ ಒಂದು ವರ್ಷದಲ್ಲಿ ಆರ್ಕನ್ ದರ್ಜೆಯಿಂದ ಲೆಜೆಂಡ್ ದಾಟಿ ಏನ್ಷಂಟಿಗೆ ಬಂದೆ. ಎಂಟರಲ್ಲಿ ಆರನೇ ಮೆಟ್ಟಿಲು. ಮೂವತ್ತು ದಾಟಿದ, ಸ್ಟ್ಯಾಂಡಪ್ ಮೀಟಿಂಗಿಗೆ ಬೆಳಿಗ್ಗೆ ಏಳಬೇಕಾದ ಕೈಗಳಿಗೆ ಇದು ಕಡಿಮೆ ಏನಲ್ಲ.

ನಮ್ಮ ಚಿಕ್ಕಪ್ಪನ ಮಗ ಇದ್ದಾನೆ, ಬಿಇ ಮೂರನೇ ವರ್ಷ. ಊರಿಗೆ ಫೈಬರ್ ಬಂದಮೇಲೆ ರಜದಲ್ಲೂ ಅವನ ಆಟ ನಿಲ್ಲಲಿಲ್ಲ. ಚಿಕ್ಕಮ್ಮ ಫೋನ್ ಮಾಡಿದ್ದರು. "ಅದೇನೋ ರಮ್ಮಿ ಥರದ್ದೇನೋ ಮಾರಾಯ? ರಾತ್ರಿಯಿಡೀ ಯಾರಿಗೋ ಬೈತಾನೆ. ದುಡ್ಡು ಹೋಗ್ತಾ ಉಂಟಾ ಅಂತ ಕೇಳಿದ್ರೆ ನಗ್ತಾನೆ." ರಮ್ಮಿ ಅಲ್ಲ, ದುಡ್ಡು ಕಟ್ಟಿ ಆಡೋದಲ್ಲ ಅಂತ ಸಮಾಧಾನ ಮಾಡಿದೆ. 2025ರಲ್ಲಿ ಕೇಂದ್ರ ಸರ್ಕಾರ ತಂದ ಕಾಯ್ದೆಯೂ ದುಡ್ಡು ಕಟ್ಟುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿದೆ. ಆದರೆ ಬೈಯೋದು ಯಾರಿಗೆ ಅನ್ನೋ ಪ್ರಶ್ನೆ ಉಳಿಯಿತು. ಹುಡುಗನನ್ನೇ ಕೇಳಿದೆ.

"ಅಣ್ಣಾ, ನಂಗೆ ಟೀಮ್ ಸರಿ ಸಿಗ್ತಿಲ್ಲ. ಸಿಕ್ಕಿದ್ರೆ ಇಷ್ಟೊತ್ತಿಗೆ ಇನ್ನೂ ಎರಡು ಸಾವಿರ ಎಂಎಂಆರ್ ಜಾಸ್ತಿ ಇರ್ತಿತ್ತು" ಅಂದ.

ಈ ಮಾತನ್ನು ಡೋಟಾ ಆಡುವ ಪ್ರತಿಯೊಬ್ಬನ ಬಾಯಲ್ಲೂ ಕೇಳಿದ್ದೀನಿ. ಲೆಕ್ಕ ಹೇಳಿದೆ. ನಿನ್ನ ಕಡೆ ಗುರುತಿಲ್ಲದವರು ನಾಲ್ಕು ಜನ, ಆ ಕಡೆ ಐದು ಜನ. ದಡ್ಡರು ಹಂಚಿಹೋಗಿದ್ದಾರೆ ಅಂದ್ರೆ ಆ ಕಡೆಗೇ ಒಂದು ಜಾಗ ಜಾಸ್ತಿ. ಸಾವಿರ ಪಂದ್ಯ ಆಡಿದ ಮೇಲೆ ಉಳಿಯೋದು ನೀನೊಬ್ಬನೇ. "ಲೆಕ್ಕ ಸರಿ ಅಣ್ಣ, ಆದ್ರೆ ನಿನ್ನೆ ಒಬ್ಬ ಬಂದಿದ್ದ ನೋಡು..." ಅಂತ ಮತ್ತೆ ಶುರು.

ಎಂಎಂಆರ್ ಅನ್ನೋ ಅಂಕಿ ವಿಚಿತ್ರದ್ದು. ಅದು ಇರೋದು ಒಬ್ಬನ ಹೆಸರಲ್ಲಿ, ಏರೋದು ಇಳಿಯೋದು ಐವರ ಗೆಲುವು ಸೋಲಿನಿಂದ. ಎಷ್ಟು ಜನರನ್ನು ಕೊಂದೆ, ಎಷ್ಟು ಚಿನ್ನ ಮಾಡಿದೆ ಅಂತ ಅದು ಕೇಳೋದಿಲ್ಲ. ಆ ದೃಷ್ಟಿಯಲ್ಲಿ ನಮ್ಮ ಆಫೀಸುಗಳ ರೇಟಿಂಗಿಗಿಂತ ಪ್ರಾಮಾಣಿಕ. ಅಲ್ಲಿ ಹತ್ತು ಜನ ಸೇರಿ ಮಾಡಿದ ಕೆಲಸವನ್ನು ಕೊನೆಗೆ ಒಬ್ಬೊಬ್ಬರಿಗೆ ಹೋಳು ಮಾಡಿ ಹಂಚುತ್ತಾರೆ, ಇಲ್ಲಿ ಹೋಳು ಮಾಡುವುದಿಲ್ಲ. ಅಂಕಿ ಕೇಳೋದು ಗೆಲುವನ್ನು, ಹುಡುಗ ನೋಡೋದು ಕೊಲೆಗಳ ಪಟ್ಟಿಯನ್ನು. ಹೈಲೈಟ್ ವಿಡಿಯೋ ಅವನಿಗೆ ಕಲಿಸಿದ್ದು ಆ ಪಟ್ಟಿ ನೋಡೋದನ್ನೇ. ಅವನ ಬೈಗುಳ ಹುಟ್ಟೋದು ಈ ಎರಡರ ನಡುವಿನ ಸಂದಿಯಲ್ಲಿ.

ಈ ವಿಷಯದಲ್ಲಿ ನಾನು ಓದಿದ ಅತ್ಯಂತ ತಿಳಿಯಾದ ವಿವರಣೆ ಆಟಗಾರರಿಂದ ಬಂದದ್ದಲ್ಲ, ಯಂತ್ರದಿಂದ. 2019ರ ಏಪ್ರಿಲ್ 13ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದೇ ಒಜಿ ತಂಡ, ವಿಶ್ವ ಚಾಂಪಿಯನ್ನರು, ಓಪನ್ಎಐ ಸಂಸ್ಥೆಯ 'ಓಪನ್ಎಐ ಫೈವ್' ಎಂಬ ಐದು ಬಾಟ್‌ಗಳ ಎದುರು 0-2ರಿಂದ ಸೋತರು. ಪಾತ್ರಗಳ ಸಂಖ್ಯೆ 17ಕ್ಕೆ ಮಿತಿ ಮಾಡಿದ್ದರು, ಅಂದರೆ ಪೂರ್ತಿ ಆಟ ಅದಲ್ಲ. ಆದರೂ ಸೋಲು ಸೋಲೇ. ಆ ಬಾಟ್‌ಗಳು ಹತ್ತು ತಿಂಗಳಲ್ಲಿ 45 ಸಾವಿರ ವರ್ಷಗಳಷ್ಟು ಆಟ ಆಡಿ ಕಲಿತಿದ್ದವು. ಎದುರಾಳಿ ಯಾರು? ತಾವೇ. ಶೇಕಡಾ 80ರಷ್ಟು ಪಂದ್ಯ ಈಗಿನ ತಮ್ಮ ವಿರುದ್ಧ, ಉಳಿದ 20 ತಮ್ಮದೇ ಹಳೆಯ ರೂಪಗಳ ವಿರುದ್ಧ, ಹೊಸದು ಕಲಿಯುವ ಭರದಲ್ಲಿ ಹಳೆಯದು ಮರೆಯಬಾರದು ಅಂತ.

ಅದರಲ್ಲಿ ಒಂದು ತಿರುಗುಣಿ ಇತ್ತು. ಅದಕ್ಕೆ ಅವರು 'ಟೀಮ್ ಸ್ಪಿರಿಟ್' ಅಂತಲೇ ಹೆಸರಿಟ್ಟಿದ್ದರು. ಬೆಲೆ ಶೂನ್ಯ ಇದ್ದರೆ ಪ್ರತಿ ಬಾಟ್ ತನಗೆ ಸಿಕ್ಕ ಲಾಭವನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತದೆ. ಬೆಲೆ ಒಂದಾದರೆ ಐವರ ಲಾಭದ ಸರಾಸರಿಯನ್ನಷ್ಟೇ. ಎಂಜಿನಿಯರುಗಳು ಏನು ಮಾಡಿದರು ಅಂದ್ರೆ, ಅದನ್ನು ಮೊದಲಿಗೇ ಒಂದಕ್ಕೆ ಇಡಲಿಲ್ಲ. ಇಟ್ಟರೆ ಯಾರ ಯಾವ ಕೆಲಸದಿಂದ ಲಾಭ ಆಯಿತು ಅಂತ ಯಾರಿಗೂ ತಿಳಿಯೋದಿಲ್ಲ, ಗದ್ದಲದಲ್ಲಿ ಕಲಿಕೆ ನಿಂತುಹೋಗುತ್ತದೆ. ಕೆಳಗಿನ ಬೆಲೆಯಿಂದ ಶುರು ಮಾಡಿ, ಕೊನೆ ಏಟು ಹೊಡೆಯೋದು, ಸಾಯದೇ ಇರೋದು ಇಂಥ ಸ್ವಂತ ಕೆಲಸ ಕಲಿತ ಮೇಲೆ ತಿರುಗುಣಿಯನ್ನು ಮೆಲ್ಲಗೆ ಒಂದರ ಕಡೆ ತಿರುಗಿಸಿದರು. ಐದೂ ಬಾಟ್‌ಗಳ ನಡುವೆ ಮಾತಾಡಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ. ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಹಾಗಿದ್ದೂ ಅವು ಒಟ್ಟಿಗೆ ಬೀಳುವ ರೀತಿ ನೋಡಿ ವಿವರಣೆಯವರು ದಂಗಾದರು. ಸತ್ತ ಮೇಲೆ ಚಿನ್ನ ಕೊಟ್ಟು ತಕ್ಷಣ ಜೀವ ಪಡೆಯಲು 'ಬೈಬ್ಯಾಕ್' ಅಂತ ಇದೆ. ಮನುಷ್ಯರು ಅದನ್ನು ಪಂದ್ಯದ ಕೊನೆಗೆ ಅಂತ ಕೂಡಿಡುತ್ತಾರೆ. ಬಾಟ್‌ಗಳು ಮೊದಲ ಭಾಗದಲ್ಲೇ ಖರ್ಚು ಮಾಡಿ ಎದ್ದು ಬಂದು ಗೋಪುರದ ಮೇಲೆ ಒತ್ತಡ ಬಿಡದೆ ಇಟ್ಟವು. ಹೀಗೆ ದುಡ್ಡು ಸುರಿದರೆ ಸ್ವಂತ ಸಾಮಾನು ತಡವಾಗುತ್ತದೆ ಅನ್ನೋದು ಮನುಷ್ಯನ ಚಿಂತೆ. ಚಪ್ಪಾಳೆ ಕೇಳದ ಯಂತ್ರಕ್ಕೆ ಆ ಚಿಂತೆ ಇಲ್ಲ.

ಅದಾದ ವಾರದಲ್ಲೇ ಅದನ್ನು ಕೆಲವು ದಿನ ಎಲ್ಲರಿಗೂ ತೆರೆದಿಟ್ಟರು. ಏಳು ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ ಶೇಕಡಾ 99.4ರಷ್ಟು ಗೆದ್ದಿತು. ನಾಲ್ಕು ತಿಂಗಳ ನಂತರ ಒಜಿ ಶಾಂಘೈನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು, ಎರಡು ಸಲ ಗೆದ್ದ ಮೊದಲ ತಂಡ. ಅಲ್ಲಿ ಅನಾ, ಎಲ್ಲರೂ ಬೆಂಬಲಕ್ಕೆ ಅಂತ ಆಡುವ 'ಐಓ' ಪಾತ್ರವನ್ನು ಒಂದನೇ ನಂಬರಿನಲ್ಲಿ ಆಡಿ ಎಲ್ಲರ ತಲೆ ಕೆಡಿಸಿದ. ಮದ್ದಳೆಯವನು ಎದ್ದು ಬಂದು ಕಿರೀಟ ಕಟ್ಟಿ ಕುಣಿದು, ಮತ್ತೆ ಕುಣಿತವೂ ಚೆನ್ನಾಗಿತ್ತು ಅಂದ ಹಾಗೆ.

ಚಿಕ್ಕಪ್ಪನ ಮಗನಿಗೆ ಈ ತಿರುಗುಣಿಯ ಕತೆ ಹೇಳಿದೆ. ನೀನು ಇನ್ನೂ ಕೆಳಗಿನ ಬೆಲೆಯಲ್ಲಿ ಇದ್ದೀಯ, ಅದು ತಪ್ಪಲ್ಲ, ಇಪ್ಪತ್ತು ವರ್ಷದವನಿಗೆ ಕೈ ಪಳಗಲೇಬೇಕು. ಆದರೆ ನಿನ್ನ ಕೈ ಪಳಗಿ ಎರಡು ವರ್ಷ ಆಯ್ತಲ್ಲ ಅಂದೆ. ಅವನು ಎಂಜಿನಿಯರಿಂಗ್ ಬಿಟ್ಟು ಪ್ರೊ ಆಗ್ತೀನಿ ಅನ್ನೋ ಮಾತೂ ಆಡಿದ್ದರಿಂದ ದುಡ್ಡಿನ ಲೆಕ್ಕವನ್ನೂ ಹೇಳಬೇಕಾಯ್ತು. 'ಟ್ರೂ ಸೈಟ್' ಚಿತ್ರದ ಎರಡನೇ ಕೊರತೆ ಇದೇ. ಅದನ್ನು ತೆಗೆದವರು ಆಟ ಮಾರುವವರೇ. ಕನಸು ಎಲ್ಲಿಂದ ಬರುತ್ತದೆ ಅಂತ ತೋರಿಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅಂತ ತೋರಿಸೋದಿಲ್ಲ. ಆ ಕೋಟಿಗಟ್ಟಲೆ ಬಹುಮಾನ ಬಂದದ್ದು ಅಭಿಮಾನಿಗಳ ಜೇಬಿನಿಂದ. 'ಬ್ಯಾಟಲ್ ಪಾಸ್' ಅಂತ ಮಾರಿ ಅದರ ಶೇಕಡಾ 25ನ್ನು ಬಹುಮಾನಕ್ಕೆ ಹಾಕುತ್ತಿದ್ದರು, ಉಳಿದದ್ದು ಕಂಪನಿಗೆ. 2021ರ ಬಹುಮಾನ 4 ಕೋಟಿ ಡಾಲರ್ ಮುಟ್ಟಿತು. 2023ರಲ್ಲಿ ಆ ದೊಡ್ಡ ಪಾಸ್ ನಿಲ್ಲಿಸಿದರು, ಬಹುಮಾನ 31 ಲಕ್ಷಕ್ಕೆ ಬಂತು. ಅಡಿಕೆ ರೇಟಿನ ಏರಿಳಿತ ನೋಡಿದ ನಮಗೂ ಇದು ಸ್ವಲ್ಪ ಜಾಸ್ತಿನೇ.

ನಮ್ಮ ದೇಶದಲ್ಲಿ ದಾರಿ ಇನ್ನೂ ಕಿರಿದು. 2019ರ ಏಪ್ರಿಲ್‌ನಲ್ಲಿ ಮುಂಬೈನಲ್ಲಿ ಇಎಸ್ಎಲ್ ಒನ್ ಅಂತ ದೊಡ್ಡ ಪಂದ್ಯಾವಳಿ ಬಂತು. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು. ಗೆದ್ದ ಮರುದಿನ ನಮ್ಮ ಆಫೀಸಿನಲ್ಲಿ, ಬೆಂಗಳೂರಿನ ನಡುಮಧ್ಯೆ, ಅದು ಗೊತ್ತಿದ್ದವರು ನಾನು ಮತ್ತು ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗ. ಡಿಗ್ರಿ ಮುಗಿಸು ಅಂದೆ. "ಅದು ಮುಗಿಸ್ತೀನಿ ಬಿಡು ಅಣ್ಣ" ಅಂದ. ರಿಪ್ಲೇಯಲ್ಲಿ ಆಟಗಾರನ ಕಣ್ಣಿಗೆ ಹೋಗಲು ಯಾವ ಬಟನ್ ಒತ್ತಬೇಕು ಅಂತ ಮಾತ್ರ ಕೇಳಿಕೊಂಡ.

ಚಿತ್ರಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅದರ ಕೊನೆಯ ಭಾಗದ ಬಗ್ಗೆ ಹೇಳದೆ ಹೋದರೆ ಅನ್ಯಾಯ. ಗೆದ್ದವರ ಕೋಣೆಯಲ್ಲಿ ಏನಾಗುತ್ತದೆ ಅಂತ ಯಾರು ಬೇಕಾದರೂ ಊಹಿಸಬಹುದು. ಎಲ್‌ಜಿಡಿ ಕೋಣೆಯ ಕ್ಯಾಮೆರಾವನ್ನು ಅವರು ಆರಿಸಲಿಲ್ಲ. ಐದು ಪಂದ್ಯ ಸರಿಸಮನಾಗಿ ಆಡಿದ ಹುಡುಗರು, ಗಾಜಿನ ಆಚೆ ಬೇರೆಯವರ ಮೇಲೆ ಬಣ್ಣದ ಚೂರುಗಳು ಬೀಳುವುದನ್ನು ನೋಡಬೇಕು. ಅವರಲ್ಲಿ ಒಂದನೇ ನಂಬರಿನವನ ಆಟದ ಹೆಸರು 'ಅಮೆ'. ನಮ್ಮ ಆಮೆಯ ಹಾಗೇ ನಿಧಾನಕ್ಕೆ, ಅವಸರವಿಲ್ಲದೆ ಚಿನ್ನ ಕೂಡಿಸುವ ಆಟಗಾರ. ಆ ಸೋಲಿನ ನಂತರ 2021ರಲ್ಲಿ ಬುಕಾರೆಸ್ಟಿನ ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ ಮತ್ತೆ ಫೈನಲ್ಲಿಗೆ ಬಂದ, ಮತ್ತೆ 2-3. 2025ರಲ್ಲಿ ಎಕ್ಸ್‌ಟ್ರೀಮ್ ಗೇಮಿಂಗ್ ತಂಡದಲ್ಲಿ ಹ್ಯಾಂಬರ್ಗಿನ ಫೈನಲ್ಲಿಗೆ ಬಂದ, ಟೀಮ್ ಫಾಲ್ಕನ್ಸ್ ಎದುರು ಮೂರನೇ ಸಲ 2-3. ಮೂರು ಫೈನಲ್, ಮೂರೂ ಕೊನೆಯ ಪಂದ್ಯದವರೆಗೆ.

ಅವನ ಬಗ್ಗೆ ಎಲ್ಲರೂ ಬರೆದಿದ್ದಾರೆ. 2018ರಲ್ಲಿ ಅವನ ಜೊತೆ ಅದೇ ಗಾಜಿನ ಕೋಣೆಯಲ್ಲಿ ಕೂತಿದ್ದ ಐದನೇ ನಂಬರಿನವನು ಎಕ್ಸ್‌ನೋವಾ, ಮಲೇಷ್ಯಾದ ಹುಡುಗ. ಏಳು ವರ್ಷ ಬಿಟ್ಟು ಹ್ಯಾಂಬರ್ಗಿನಲ್ಲೂ ಅಮೆಯ ಪಕ್ಕ ಅದೇ ಐದನೇ ನಂಬರಿನಲ್ಲಿ ಕೂತಿದ್ದವನು ಅವನೇ. ಅವನ ಬಗ್ಗೆ ಬರೆದವರು ಕಡಿಮೆ. ಆ ಐದನೇ ಪಂದ್ಯದ ರಿಪ್ಲೇ ಇಳಿಸಿ ಇಟ್ಟುಕೊಂಡಿದ್ದೀನಿ. ಈ ಶನಿವಾರ ಪುರುಸೊತ್ತಾದರೆ ಅವನ ಕಣ್ಣಿನಿಂದ ಮೊದಲ ಹನ್ನೆರಡು ನಿಮಿಷ ನೋಡಬೇಕು.